ತೇಲುವ ಸಾರ್ಗಾಸಮ್: ರೂಪವನ್ನೂ ಡಿಎನ್‌ಎಯನ್ನೂ ಒಂದೇ ಗಿಡದಿಂದ ತೆಗೆಯುವ ಬಗೆ

ಅಟ್ಲಾಂಟಿಕ್ ನಡುಗಡಲಿನಲ್ಲಿ ತೇಲುವ ಸಾರ್ಗಾಸಮ್ ಎಂಬ ಕಂದು ಕಡಲಪಾಚಿ ಹಡಗಿನ ಮೇಲಿಂದ ನೋಡಿದರೆ ಎಲ್ಲವೂ ಒಂದೇ ಜೇನುಬಣ್ಣದ ಕಳೆ. ಕೈಬಲೆಯಲ್ಲಿ ಎತ್ತಿ ಬಿಳಿ ತಟ್ಟೆಯಲ್ಲಿ ಹರಡಿದ ಮೇಲೆಯೇ ವ್ಯತ್ಯಾಸ ಕಾಣುವುದು. ಜಾತಿಗಳು ಎರಡು, ನಟಾನ್ಸ್ ಮತ್ತು ಫ್ಲೂಯಿಟಾನ್ಸ್. ಅವುಗಳೊಳಗಿನ ರೂಪಗಳಿಗೆ ಕಡಲ ಜೀವವಿಜ್ಞಾನಿ ಆಲ್ಬರ್ಟ್ ಪಾರ್ 1939ರಲ್ಲಿ ಕೊಟ್ಟ ಸಂಖ್ಯೆಗಳನ್ನೇ ನಾವು ಈಗಲೂ ಬಳಸುತ್ತೇವೆ. ಹೆಚ್ಚಾಗಿ ಸಿಗುವವು ಮೂರು: ನಟಾನ್ಸ್ 1, ನಟಾನ್ಸ್ 8, ಫ್ಲೂಯಿಟಾನ್ಸ್ 3. 2011ರಿಂದ ಕೆರಿಬಿಯನ್ ತೀರಗಳಿಗೆ ಸಾರ್ಗಾಸಮ್ ರಾಶಿರಾಶಿಯಾಗಿ ಬಂದು ಬೀಳತೊಡಗಿತು. ಆಮೇಲಿನ ವರ್ಷಗಳ ಪರಿಶೀಲನೆಯಲ್ಲಿ, ಮೊದಲು ಅಪರೂಪವೆನಿಸಿದ್ದ ನಟಾನ್ಸ್ 8 ಆ ರಾಶಿಗಳಲ್ಲಿ ಧಾರಾಳವಾಗಿ ಕಂಡುಬಂತು. ಅದಕ್ಕೇ 'ಸಾರ್ಗಾಸಮ್' ಎಂದಷ್ಟೇ ಬರೆದ ಚೀಟಿಯ ಮಾದರಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗುರುತಿಸುವಾಗ ಮೊದಲು ನೋಡಬೇಕಾದದ್ದು ಕಾಂಡ, ಎಲೆಯಲ್ಲ. ತುದಿಯ ಕಡೆಯ ಎಳೆಯ ಕಾಂಡದ ಮೇಲೆ ಉಗುರು ಎಳೆಯಿರಿ. ಸಣ್ಣ ಮುಳ್ಳುಗಳು ತಡೆದರೆ ಫ್ಲೂಯಿಟಾನ್ಸ್ 3, ನುಣುಪಾಗಿ ಜಾರಿದರೆ ನಟಾನ್ಸ್. ಬಳಿಕ ಗಿಡವನ್ನು ತೇಲಿಸುವ ಗಾಳಿಗುಳ್ಳೆ: ನಟಾನ್ಸ್ 1ರ ಗುಳ್ಳೆ ಪುಟ್ಟದು, ದುಂಡಗಿನದು, ನೆತ್ತಿಯಲ್ಲಿ ಒಂದು ಮುಳ್ಳು, ಎಲೆಯೂ ಸಪೂರ. ನಟಾನ್ಸ್ 8ರ ಎಲೆ ಉದ್ದ, ಅಗಲ. ಗುಳ್ಳೆಗೆ ಸಾಮಾನ್ಯವಾಗಿ ಮುಳ್ಳಿಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಅಗಲ ಎಲೆ, ಮುಳ್ಳಿಲ್ಲದ ಗುಳ್ಳೆ ಎರಡೂ ಫ್ಲೂಯಿಟಾನ್ಸ್ 3ರಲ್ಲೂ ಇರುವುದರಿಂದ ಕಾಂಡ ಮುಟ್ಟಿ ನೋಡದವರು ಇವೆರಡನ್ನೂ ಒಂದೇ ಗುಡ್ಡೆಗೆ ಹಾಕುತ್ತಾರೆ. ಇನ್ನೊಂದು ಮಾತು, ಬಲೆಯಲ್ಲಿ ಉಜ್ಜಿದರೆ ಗುಳ್ಳೆಯ ಮುಳ್ಳು ಮುರಿದುಹೋಗುತ್ತದೆ. ಒಂದೇ ಗುಳ್ಳೆ ನೋಡಿ ತೀರ್ಮಾನಿಸದೆ ಹತ್ತನ್ನಾದರೂ ಲೆನ್ಸ್‌ನಡಿ ನೋಡಿ.

ಗಾಳಿ ಬೀಸುವಾಗ ಕಳೆ ಗಾಳಿಯ ದಿಕ್ಕಿಗೇ ಉದ್ದುದ್ದ ಸಾಲುಗಳಾಗಿ ಸೇರುತ್ತದೆ. ಒಂದೇ ಸಾಲಿನಿಂದ ಇಪ್ಪತ್ತು ಗಿಡ ಎತ್ತುವುದಕ್ಕಿಂತ ಮೂರ್ನಾಲ್ಕು ಸಾಲುಗಳಿಂದ ದೂರ ದೂರದ ಗೊಂಚಲುಗಳಲ್ಲಿ ತಲಾ ಒಂದೊಂದು ತೆಗೆಯುವುದು ನನ್ನ ಕ್ರಮ. ಕಾರಣವಿದೆ. ಈ ಕಳೆ ತುಂಡಾಗಿ ತುಂಡಾಗಿಯೇ ಹೆಚ್ಚುತ್ತದೆ, ಲೈಂಗಿಕ ಸಂತಾನೋತ್ಪತ್ತಿ ಇದರಲ್ಲಿ ಕಂಡುಬಂದಿಲ್ಲ. ಪಕ್ಕಪಕ್ಕದ ಎರಡು ಗೊಂಚಲು ಒಂದೇ ಗಿಡದ ಮುರುಕುಗಳಾಗಿರಬಹುದು. ಇದೇ ಕಾರಣಕ್ಕೆ, ಮುಕ್ತ ಮಿಲನವನ್ನು ಊಹಿಸಿಕೊಂಡು ಜೀನ್ ರೂಪಗಳ ಪ್ರಮಾಣವನ್ನು ಒರೆಹಚ್ಚುವ ಹಾರ್ಡಿ-ವೈನ್‌ಬರ್ಗ್ ಪರೀಕ್ಷೆಯನ್ನು ಇದಕ್ಕೆ ಹಚ್ಚಬಾರದು. ಸಾಫ್ಟ್‌ವೇರ್ ಅಂಕಿ ಕೊಡುತ್ತದೆ, ಆ ಅಂಕಿಗೆ ಅರ್ಥವಿರುವುದಿಲ್ಲ.

ಪ್ರತಿ ಗಿಡಕ್ಕೂ ಒಂದು ಸಂಖ್ಯೆ. ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೊ, ನಡುಭಾಗದ ಹತ್ತು ಎಲೆ ಮತ್ತು ಹತ್ತು ಗುಳ್ಳೆಗಳ ಅಳತೆ, ನೀರು ಒದರಿ ತೂಕ. ಅದೇ ಗಿಡದ ತುದಿಯಿಂದ ಒಂದೆರಡು ಸೆಂಟಿಮೀಟರ್ ಎಳೆ ಭಾಗ ಡಿಎನ್‌ಎಗೆ, ಉಳಿದದ್ದು ಒಣಹಾಳೆಗೆ, ಅಂದರೆ ಗಿಡವನ್ನು ಒತ್ತಿ ಒಣಗಿಸಿ ಕಾಪಿಡುವ ಹಾಳೆಗೆ. ಎರಡಕ್ಕೂ ಒಂದೇ ಸಂಖ್ಯೆ ಇರಲೇಬೇಕು.

ಡಿಎನ್‌ಎ ತುಂಡನ್ನು ಸೋಸಿದ ಕಡಲನೀರಿನಲ್ಲಿ ತೊಳೆಯುತ್ತೇನೆ. ಸಿಹಿನೀರು ತಾಗಿದರೆ ಜೀವಕೋಶ ಒಡೆದು ಲೋಳೆ ಬಿಡುತ್ತದೆ. ಬಿಳಿ ಜಾಲರಿಯಂತೆ ಅಂಟಿರುವ ಬ್ರಯೋಜೋವಾ (ಗುಂಪಾಗಿ ಬಾಳುವ ಪುಟ್ಟ ಪ್ರಾಣಿಗಳು) ಇದ್ದ ಎಲೆ ಬೇಡ. ಬೇರೆ ಸಿಗದಿದ್ದರೆ ಬ್ಲೇಡಿನಿಂದ ಕೆರೆದು ತೆಗೆಯಿರಿ. ಹತ್ತಿಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ತೂಕದ ಹತ್ತು ಪಟ್ಟು, ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಹೂಳಿ. ಮರುದಿನಕ್ಕೆ ಬಣ್ಣ ತಿರುಗಿದ್ದರೆ ಜೆಲ್ ಬದಲಿಸಿ. ಒಣಗಿದ ತುಂಡು ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ತೇವವಿದೆ.

ಪ್ರಯೋಗಾಲಯದಲ್ಲಿ ಇದರಷ್ಟು ಸತಾಯಿಸುವ ಮಾದರಿ ಕಡಿಮೆ. ಗಿಡದ ಆಲ್ಜಿನೇಟ್ ಲೋಳೆ ಮತ್ತು ಪಾಲಿಫಿನಾಲ್ ಎಂಬ ಕಂದು ರಾಸಾಯನಿಕ ಎರಡೂ ಡಿಎನ್‌ಎ ಜೊತೆಗೇ ಬರುತ್ತವೆ. ಒಣಗಿದ 20 ಮಿಲಿಗ್ರಾಂ ಸಾಕು. ಹೆಚ್ಚು ಹಾಕಿದರೆ ಹೆಚ್ಚುವುದು ಲೋಳೆಯೇ. ಕೋಶ ಒಡೆಯುವ 2 ಶೇಕಡಾ ಸಿಟಿಎಬಿ ದ್ರಾವಣಕ್ಕೆ ಪಾಲಿಫಿನಾಲ್ ಹಿಡಿದಿಡುವ 2 ಶೇಕಡಾ ಪಿವಿಪಿ ಸೇರಿಸಿ, ಬಳಸುವ ಹೊತ್ತಿಗೆ ಪಾಲಿಫಿನಾಲ್ ಕಂದಾಗುವುದನ್ನು ತಡೆಯುವ ಬೀಟಾ ಮರ್ಕಾಪ್ಟೊಇಥನಾಲ್ ಹಾಕಿ, 60 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇನೆ. ಕೊನೆಗೆ ಉಳಿಯುವ ಡಿಎನ್‌ಎ ಉಂಡೆ ಕಂದುಬಣ್ಣಕ್ಕಿದ್ದರೆ ಪಾಲಿಫಿನಾಲ್ ಉಳಿದಿದೆ ಎಂದರ್ಥ. ಡಿಎನ್‌ಎ ಎಷ್ಟು ಶುದ್ಧವೆಂದು ಅದು ಹೀರುವ ಬೆಳಕಿನಿಂದ ತಿಳಿಯುತ್ತೇವೆ; 260/280 ನ್ಯಾನೊಮೀಟರ್ ಅನುಪಾತ 1.8 ಇದ್ದರೂ 260/230 ಒಂದಕ್ಕಿಂತ ಕಡಿಮೆಯಿದ್ದರೆ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಕೈಕೊಡಬಹುದು. ಆಗ ಡಿಎನ್‌ಎ ಹೆಚ್ಚಿಸಬೇಡಿ, ಹತ್ತು ಪಟ್ಟು, ಐವತ್ತು ಪಟ್ಟು ತೆಳುಮಾಡಿ. ತಡೆಯುವ ವಸ್ತುವೂ ತೆಳುವಾಗುತ್ತದೆ.

ಯಾವ ಜೀನ್ ಎಂಬುದೂ ಮುಖ್ಯ. ಜಾತಿ ಗುರುತಿಸಲು ಸಾಮಾನ್ಯವಾಗಿ ಬಳಸುವ ಐಟಿಎಸ್-2 ಎಂಬ ಡಿಎನ್‌ಎ ಭಾಗ ಈ ರೂಪಗಳನ್ನು ಬೇರ್ಪಡಿಸುವುದಿಲ್ಲ, ಅದಕ್ಕೆ ಹಣ ಸುರಿಯಬೇಡಿ. ವ್ಯತ್ಯಾಸ ಸಿಗುವುದು ಮೈಟೊಕಾಂಡ್ರಿಯಾದಲ್ಲಿ. 34–35 ಸಾವಿರ ಅಕ್ಷರಗಳ ಆ ಜಿನೋಮ್‌ನಲ್ಲಿ ರೂಪಗಳನ್ನು ಬೇರ್ಪಡಿಸುವ ಸ್ಥಾನಗಳು ಬೆರಳೆಣಿಕೆಯ ಜಾಗಗಳಲ್ಲಿ ಚದುರಿರುತ್ತವೆ, ಆದ್ದರಿಂದ ಎರಡು ಕಡೆಯಿಂದಲೂ ಓದಿದ ಸೀಕ್ವೆನ್ಸ್ (ಅಕ್ಷರಗಳ ಸಾಲು) ಮಾತ್ರ ನಂಬಲರ್ಹ. ದ್ಯುತಿಸಂಶ್ಲೇಷಣೆ ನಡೆಸುವ ಎಲ್ಲ ಜೀವಿಗಳಿಗೂ ಹೊಂದುವ ಕ್ಲೋರೊಪ್ಲಾಸ್ಟ್ ಪ್ರೈಮರ್ (ನಕಲು ಎಲ್ಲಿ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ತುಣುಕು) ಬಳಸಿದರೆ ಎಲೆಗೆ ಅಂಟಿದ ಡಯಾಟಮ್, ಸಯನೋಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳ ಡಿಎನ್‌ಎಯೂ ಬರುತ್ತದೆ. ಸೀಕ್ವೆನ್ಸ್ ಚಿತ್ರದಲ್ಲಿ ಜೋಡಿ ಶಿಖರಗಳು ಕಂಡರೆ ಹೊಸ ರೂಪವೆಂದು ಹಿಗ್ಗುವ ಮೊದಲು ಒಣಹಾಳೆ ತೆಗೆದು, ಅದೇ ಗಿಡದ ಶುಭ್ರವಾದ ಇನ್ನೊಂದು ತುಂಡಿನಿಂದ ಮತ್ತೊಮ್ಮೆ ಡಿಎನ್‌ಎ ತೆಗೆಯಿರಿ.