ಕಿಂಗ್ಸ್ ಆಫ್ ವಾರ್ ಆಟದಲ್ಲಿ ದಳದ ಮುಖ, ಪಾರ್ಶ್ವ, ಬೆನ್ನು: ನಿರ್ಣಯಿಸುವ ಬಗೆ

ಬ್ರಿಟನ್ನಿನ ಮ್ಯಾಂಟಿಕ್ ಗೇಮ್ಸ್ ಹೊರತಂದಿರುವ, ಮೇಜಿನ ಮೇಲೆ ಪುಟ್ಟ ಗೊಂಬೆಗಳಿಂದ ಆಡುವ ಯುದ್ಧದಾಟ ‘ಕಿಂಗ್ಸ್ ಆಫ್ ವಾರ್’ನಲ್ಲಿ ಸತ್ತ ಸೈನಿಕರ ಗೊಂಬೆಗಳನ್ನು ಒಂದೊಂದಾಗಿ ಎತ್ತಿಡುವ ಪದ್ಧತಿಯಿಲ್ಲ. ಇಡೀ ದಳವನ್ನೇ ಒಂದು ಆಯತವೆಂದು ಎಣಿಸಲಾಗುತ್ತದೆ. ಕಾಲಾಳುಗಳ ರೆಜಿಮೆಂಟಿನಲ್ಲಿ ಸಾಲಿಗೆ 5ರಂತೆ 4 ಸಾಲು, ಒಟ್ಟು 20 ಗೊಂಬೆಗಳಿರುತ್ತವೆ. ಪ್ರತಿ ಗೊಂಬೆಯ ಅಡಿಯ ಚೌಕ ಪೀಠ (ಬೇಸ್) 20 ಮಿ.ಮೀ. ಎಂಬ ಲೆಕ್ಕದಲ್ಲಿ ಅದರ ಅಗಲ 100 ಮಿ.ಮೀ., ಆಳ 80 ಮಿ.ಮೀ. ಎಷ್ಟು ಪೆಟ್ಟು ತಿಂದರೂ ಈ ಆಯತ ಕುಗ್ಗುವುದಿಲ್ಲವಾದ್ದರಿಂದ, ಅದು ಯಾವ ದಿಕ್ಕಿಗೆ ತಿರುಗಿ ನಿಂತಿದೆ ಎಂಬ ಪ್ರಶ್ನೆ ಆಟದುದ್ದಕ್ಕೂ ಉಳಿದುಕೊಳ್ಳುತ್ತದೆ.

ಆಯತದ ಪ್ರತಿ ಮೂಲೆಯಿಂದ 45 ಡಿಗ್ರಿ ಓರೆಯಾಗಿ ಹೊರಕ್ಕೆ ಒಂದು ಗೆರೆ ಎಳೆದಂತೆ ಭಾವಿಸಿಕೊಳ್ಳಿ. ದಳದ ಸುತ್ತಲಿನ ಜಾಗ ಮುಂಭಾಗ, ಎರಡು ಪಾರ್ಶ್ವಗಳು ಮತ್ತು ಹಿಂಭಾಗವೆಂದು ನಾಲ್ಕಾಗಿ ಒಡೆಯುತ್ತದೆ. ಇನ್ನು ದಳದ ಮುಂಸಾಲಿನ ನಟ್ಟನಡುವಿನ ಬಿಂದುವಿಗೆ ಲೀಡರ್ ಪಾಯಿಂಟ್ ಎಂದು ಹೆಸರು. ಚಾರ್ಜ್ (ಎದುರಾಳಿಯ ಮೇಲೆ ನುಗ್ಗುವ) ಆದೇಶ ಕೊಟ್ಟ ಗಳಿಗೆಯಲ್ಲಿ, ಅಂದರೆ ದಳವನ್ನು ಕೂದಲೆಳೆಯಷ್ಟೂ ಕದಲಿಸುವ ಮುನ್ನ, ದಾಳಿಕೋರನ ಲೀಡರ್ ಪಾಯಿಂಟ್ ಎದುರಾಳಿಯ ಯಾವ ಭಾಗದಲ್ಲಿದೆಯೋ ಆ ಬದಿಗೇ ಬಡಿಯಬೇಕು. ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ: ಮುಂಭಾಗದಲ್ಲಿ ನಿಂತ ದಳ ಸುತ್ತುಹಾಕಿ ಬಂದು ಪಾರ್ಶ್ವಕ್ಕೆ ಬಡಿಯಬಹುದೆಂದು ಅವರು ಎಣಿಸುತ್ತಾರೆ. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಪಾರ್ಶ್ವಕ್ಕೆ ಬಡಿದರೆ ದಾಳಿಗೆ ಎಸೆಯುವ ದಾಳಗಳು ಎರಡು ಪಟ್ಟು, ಬೆನ್ನಿಗೆ ಬಡಿದರೆ ಮೂರು ಪಟ್ಟು. 12 ದಾಳದ ದಳವೊಂದಕ್ಕೆ ಮೊದಲು ತಾಗಲೂ, ತಾಗಿದ ದಾಳಗಳನ್ನು ಮತ್ತೆ ಎಸೆದು ಗಾಯಗೊಳಿಸಲೂ 4 ಅಥವಾ ಹೆಚ್ಚು ಬೀಳಬೇಕೆಂದಿಟ್ಟುಕೊಳ್ಳಿ. ಎದುರಿನಿಂದ ಸರಾಸರಿ 3, ಪಾರ್ಶ್ವದಿಂದ 6, ಬೆನ್ನಿನಿಂದ 9 ಗಾಯಗಳಾಗುತ್ತವೆ. ಬಳಿಕ, ಪೆಟ್ಟು ತಿಂದ ದಳ ಎದೆಗುಂದದೆ ನಿಲ್ಲುವುದೇ ಎಂದು ನೋಡುವ ನರ್ವ್ ಪರೀಕ್ಷೆಯಲ್ಲಿ ಎರಡು ದಾಳಗಳ ಮೊತ್ತಕ್ಕೆ ಗಾಯಗಳನ್ನು ಕೂಡಿಸಿದಾಗ 16 ಮುಟ್ಟಿದರೆ ದಳ ಚದುರುತ್ತದೆ ಎನ್ನೋಣ. 3 ಗಾಯಗಳಿಗೆ 13 ಬೀಳಬೇಕು, ಅದು ಆಗದ ಮಾತು. 6 ಗಾಯಗಳಾಗಿದ್ದರೆ 36ರಲ್ಲಿ 6 ಸಾಧ್ಯತೆ, 9 ಆಗಿದ್ದರೆ 36ರಲ್ಲಿ 21. ಅದೇ ದಳ, ಅದೇ ಗೊಂಬೆಗಳು. ಬದಲಾದದ್ದು ಬಡಿದ ಬದಿ ಮಾತ್ರ.

ಆದ್ದರಿಂದ ಪಾರ್ಶ್ವದಾಳಿಯ ತಯಾರಿ ಹಿಂದಿನ ಸರದಿಯಲ್ಲೇ ನಡೆಯಬೇಕು. ಅಡ್ವಾನ್ಸ್ (ಮುನ್ನಡೆ) ಆದೇಶದಲ್ಲಿ ನೇರ ಮುಂದಕ್ಕೆ ಸಾಗುತ್ತ ಒಮ್ಮೆ ಮಾತ್ರ 90 ಡಿಗ್ರಿವರೆಗೆ ತಿರುಗಬಹುದು. ಹಿಂದಕ್ಕೋ ಪಕ್ಕಕ್ಕೋ ಸರಿದರೆ ವೇಗ ಅರ್ಧ. ನಿಮ್ಮ ಲೀಡರ್ ಪಾಯಿಂಟನ್ನು ಎದುರಾಳಿ ದಳದ ಓರೆಗೆರೆಯ ಆಚೆ, ಪಾರ್ಶ್ವದ ಕಡೆಗೆ ತಂದು ನಿಲ್ಲಿಸಿದರೆ, ಎದುರಾಳಿಗೆ ಉಳಿಯುವುದು ಎರಡೇ ದಾರಿ: ಆ ದಳದತ್ತ ತಿರುಗಿ ನಿಮ್ಮ ಇನ್ನೊಂದು ದಳಕ್ಕೆ ಪಾರ್ಶ್ವ ಒಡ್ಡುವುದು, ಇಲ್ಲವೇ ಹಾಗೆಯೇ ನಿಂತು ಪೆಟ್ಟು ತಿನ್ನುವುದು. ಒಂಟಿ ದಳದಿಂದ ಈ ಒತ್ತಡ ಹುಟ್ಟುವುದಿಲ್ಲ, ಜೋಡಿಯಾಗಿಯೇ ಕಳಿಸಿ. ರಕ್ಷಿಸಿಕೊಳ್ಳುವವರಾದರೆ ದಳಗಳನ್ನು ಮೆಟ್ಟಿಲಿನಂತೆ ಒಂದರ ಹಿಂದೊಂದು ಓರೆಯಾಗಿ ನಿಲ್ಲಿಸಿ. ಮುಂದಿನದರ ಪಾರ್ಶ್ವಕ್ಕೆ ನುಗ್ಗಿದವನು ಹಿಂದಿನದಕ್ಕೆ ತನ್ನ ಪಾರ್ಶ್ವವನ್ನೇ ಕೊಟ್ಟಂತಾಗುತ್ತದೆ.

ಗೆರೆಯ ಮೇಲೆಯೇ ಬಿಂದು ಕೂತಂತೆ ಕಂಡಾಗ ಕಣ್ಣಳತೆ ನೆಚ್ಚಬೇಡಿ. ಒಂದು ಚೌಕಾಕಾರದ ಕಾರ್ಡನ್ನು ಕರ್ಣದಲ್ಲಿ ಮಡಚಿ ಮೂಲೆಗೆ ತಾಗಿಸಿದರೆ 45 ಡಿಗ್ರಿ ಸಿಗುತ್ತದೆ. ದಳ ಸರಿಸುವಾಗಲೇ “ಇದು ನಿಮ್ಮ ಪಾರ್ಶ್ವದಲ್ಲಿದೆ, ಒಪ್ಪಿಗೆಯೇ?” ಎಂದು ಕೇಳಿಬಿಡಿ, ಮುಂದಿನ ಸರದಿಗೆ ಈ ಪ್ರಶ್ನೆ ಉಳಿಸಿಕೊಂಡರೆ ಜಗಳವೇ ಗತಿ.