ಅಪ್ಪನ ಟೇಪು, ನನ್ನ ಟ್ಯಾಕ್ಟಿಕಲ್ ವೆಸ್ಟು

ಪ್ಲಾಸ್ಟಿಕ್ ಗುಂಡು ಹೊಡೆಯುವ ಗನ್ ಹಿಡಿದು ಆಡೋ ಯುದ್ಧದಾಟಕ್ಕೆ ಏರ್‌ಸಾಫ್ಟ್ ಅಂತಾರೆ. ಅದಕ್ಕಂತ ತರಿಸಿದ ಮೊದಲ ವೆಸ್ಟ್, ಸೈನಿಕರ ಥರದ್ದು, ಕೊರಿಯರ್‌ನಲ್ಲಿ ಬಂದ ದಿನ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಅಪ್ಪ ಅಂಗಡಿ ಮುಚ್ಚಿಕೊಂಡು ಬಂದರು. ಮೇಲಿಂದ ಕೆಳಗೆ ಒಂದು ಸಲ ನೋಡಿದರು.

"ಎಷ್ಟು ಕೊಟ್ಟೆಲೇ ಇದಕ್ಕೆ?"

ಎರಡು ಸಾವಿರದ ಎಂಟುನೂರು ಅಂದೆ.

"ಬಿಚ್ಚು. ಒಳಮಗ್ಗಲು ತೋರ್ಸು."

ಅಜ್ಜ ದಾವಣಗೆರೆಯ ಕಾಟನ್ ಮಿಲ್‌ನಲ್ಲಿ ದುಡಿದವರು. ಅಪ್ಪ ಟೈಲರ್. ನಾನೊಬ್ಬ ಮೊಬೈಲ್ ಅಂಗಡಿಯಲ್ಲಿ ಕೂತೆ. ಆದರೂ ಬಟ್ಟೆಯ ವಿಷಯ ಬಂದರೆ ನಮ್ಮ ಮನೆಯಲ್ಲಿ ಅಪ್ಪನ ಮಾತೇ ಕೊನೆ.

ಅಪ್ಪ ಕೊರಳಲ್ಲಿದ್ದ ಟೇಪು ತೆಗೆದರು. ಇಂಥ ವೆಸ್ಟ್‌ನ ಎದೆ ಮೇಲೆ ಅಡ್ಡಡ್ಡ ಪಟ್ಟಿಗಳಿರುತ್ತವೆ. ಅದಕ್ಕೆ ಇಂಗ್ಲಿಷಿನಲ್ಲಿ ಮಾಲಿ (MOLLE) ಅಂತಾರೆ. ಪೌಚ್‌ಗಳನ್ನು ಆ ಪಟ್ಟಿಗಳಲ್ಲಿ ಹೆಣೆದು ಕೂರಿಸಬೇಕು. ಲೆಕ್ಕ ಪಕ್ಕಾ ಇದೆ: ಪಟ್ಟಿ 1 ಇಂಚು ಅಗಲ, ಎರಡು ಪಟ್ಟಿಗಳ ನಡುವೆ 1 ಇಂಚು ಸಂದು, ಪ್ರತಿ ಒಂದೂವರೆ ಇಂಚಿಗೆ ಒಂದು ಹೊಲಿಗೆ. ಈ ಅಳತೆ ತಪ್ಪಿದರೆ ಬೇರೆ ಕಡೆ ತಗೊಂಡ ಪೌಚ್ ಒಂದೋ ಒಳಗೇ ಹೋಗಲ್ಲ, ಇಲ್ಲಾ ಜೋತು ಬೀಳುತ್ತೆ. ನನ್ನ ವೆಸ್ಟ್‌ನಲ್ಲಿ ಒಂದು ಕಡೆ ಒಂದೂವರೆ, ಪಕ್ಕದಲ್ಲೇ ಒಂದೂಕಾಲು, ಅದರ ಕೆಳಗೆ ಎರಡು ಇಂಚು. ಅಪ್ಪ ಏನೂ ಹೇಳಲಿಲ್ಲ. ಹೆಗಲಿನ ಪಟ್ಟಿ ಹಿಡಿದು ಸುಮ್ನೆ ಒಂದು ಸಲ ಜಗ್ಗಿದರು. ಪಟಪಟ ಅಂತ ನಾಲ್ಕು ಹೊಲಿಗೆ ಬಿಟ್ಟವು.

ಜೀನ್ಸ್ ಜೇಬಿನ ಮೂಲೆಯಲ್ಲಿ, ಬೆಲ್ಟ್ ಲೂಪಿನ ತುದಿಯಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರುತ್ತಲ್ಲ, ಅದೇ ಬಾರ್ಟ್ಯಾಕ್. ಭಾರ ಬೀಳುವ ಜಾಗದಲ್ಲೆಲ್ಲ ಅದು ಇರಲೇಬೇಕು. ನನ್ನದರಲ್ಲಿ ಇದ್ದದ್ದು ಒಂಟಿ ಗೆರೆ ಹೊಲಿಗೆ. ಅವತ್ತಿಂದ ನಾನು ಏನೇ ತಗೊಂಡರೂ ಮೊದಲು ಒಳಮಗ್ಗಲು ತಿರುಗಿಸುತ್ತೇನೆ. ಆನ್‌ಲೈನ್‌ನಲ್ಲಾದರೆ ಒಳಗಿನ ಫೋಟೋ ಕಳಿಸಿ ಅಂತ ಕೇಳುತ್ತೇನೆ. ಕಳಿಸದವರ ಹತ್ತಿರ ತಗೊಳ್ಳಲ್ಲ.

ನಾವು ಆಡೋದು ಭರಮಸಾಗರದ ಕಡೆ, ಗೆಳೆಯನ ದೊಡ್ಡಪ್ಪನ ಜಮೀನಿನಲ್ಲಿ. ಜಮೀನು ಅನ್ನೋದು ಹೆಸರಿಗೆ. ಬಂಡೆ, ಕೆಂಪು ಮಣ್ಣು, ಜಾಲಿ ಗಿಡ, ಒಂದು ಪಾಳು ಕೋಳಿ ಶೆಡ್ಡು. ಎಂಟು ಹತ್ತು ಜನ ಸೇರುತ್ತೇವೆ. ಸ್ಪ್ರಿಂಗ್ ಗನ್, 6 ಮಿ.ಮೀ. ಪ್ಲಾಸ್ಟಿಕ್ ಗುಂಡು. ಗನ್ ಬಗ್ಗೆ ಇಲ್ಲಿ ಬರೆಯಲ್ಲ, ಅದರದ್ದು ಬೇರೆಯೇ ಕಥೆ. ಬಟ್ಟೆ, ಕನ್ನಡಕ, ಶೂ ಅಷ್ಟೇ.

ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದದ್ದು ಕಣ್ಣಿಗೆ. ನಾನು ಮಾಡಿದ್ದು ಉಲ್ಟಾ. ವೆಸ್ಟ್‌ಗೆ ಸಾವಿರಗಟ್ಟಲೆ ಕೊಟ್ಟು, ಕನ್ನಡಕಕ್ಕೆ ವೆಲ್ಡಿಂಗ್ ಸಾಮಾನಿನ ಅಂಗಡಿಯಿಂದ ನೂರೈವತ್ತರದ್ದು ತಂದಿದ್ದೆ. ಆಮೇಲೆ ಅದರ ಕಡ್ಡಿ ಮೇಲಿನ ಅಕ್ಷರ ಓದಿದೆ. ಇಎನ್ 166, ಪಕ್ಕದಲ್ಲಿ ಎಫ್. ಈ ಯುರೋಪಿನ ಪರೀಕ್ಷೆಯಲ್ಲಿ 6 ಮಿ.ಮೀ.ನ, 0.86 ಗ್ರಾಂ ತೂಕದ ಉಕ್ಕಿನ ಗುಂಡನ್ನು ಗಾಜಿಗೆ ಹೊಡೆಯುತ್ತಾರೆ. ಎಫ್ ಅಂದರೆ ಸೆಕೆಂಡಿಗೆ 45 ಮೀಟರ್ ವೇಗ ತಡೆಯುತ್ತೆ, ಬಿ ಅಂದರೆ 120, ಎ ಅಂದರೆ 190. ಈಗ ಲೆಕ್ಕ ಹಾಕಿ. ನಮ್ಮ ಆಟದ 0.20 ಗ್ರಾಂ ಗುಂಡು 350 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೊರಟರೆ ಸೆಕೆಂಡಿಗೆ ಸುಮಾರು 107 ಮೀಟರ್, ಪೆಟ್ಟು 1.1 ಜೌಲ್ ದಾಟುತ್ತೆ. ಎಫ್ ಪರೀಕ್ಷೆಯ ಪೆಟ್ಟು 0.87 ಜೌಲ್. ಅಂದರೆ ಆ ಕನ್ನಡಕ ಹಾಕಿಕೊಂಡು ನಾನು ಎರಡು ಭಾನುವಾರ ಆಡಿದ್ದು ಬರೀ ಅದೃಷ್ಟದ ಮೇಲೆ.

ಬಿ ಗುರುತಿನ ಗಾಗಲ್ ಎರಡು ತರಿಸಿದೆ. ಒಂದನ್ನು ಒಡೆಯೋಕೆ ಅಂತಲೇ. ಶೆಡ್ಡಿನ ಗೋಡೆಗೆ ಕಟ್ಟಿ, ಎರಡು ಮಾರು ದೂರದಿಂದ ಹತ್ತು ಸಲ ಹೊಡೆದೆವು. ಚುಕ್ಕೆ ಬಿದ್ದವು, ಬಿರುಕು ಬರಲಿಲ್ಲ. ಹೊಡೆದದ್ದನ್ನು ಎಸೆದೆ. ಪೆಟ್ಟು ತಿಂದದ್ದನ್ನು ಮತ್ತೆ ಹಾಕಬಾರದು. ತಂತಿ ಬಲೆಯ ಗಾಗಲ್‌ನಲ್ಲಿ ಮಂಜು ಕಟ್ಟಲ್ಲ, ನಿಜ. ಆದರೆ ಗುಂಡು ಒಡೆದರೆ ಚೂರು ಒಳಗೆ ಬರುತ್ತೆ. ನನಗದು ಬೇಡ. ಮಂಜಿನ ಪರೀಕ್ಷೆ ಮನೆಯಲ್ಲೇ ಆಗುತ್ತೆ: ಗಾಗಲ್ ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ, ಮೂರು ಮಹಡಿ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯಿರಿ. ನಮ್ಮ ಬಿಸಿಲಲ್ಲಿ ಗಾಜು ಕುರುಡಾಗೋದು ಬೆವರಿಗೆ. ಎರಡು ಪದರದ ಗಾಜು ಇದ್ದದ್ದು ಪಾಸಾಯಿತು. ಎದುರು ಮನೆ ಅಜ್ಜಿ ಮಾತ್ರ ಅಮ್ಮನನ್ನು ಕರೆದು, "ಹುಡುಗಗೆ ಏನಾಗೈತವ್ವಾ?" ಅಂತ ಕೇಳಿದರಂತೆ.

ಬಟ್ಟೆಗೆ ಬರೋಣ. 'ಶುದ್ಧ ಕಾಟನ್' ಅಂತ ಬರೆದಿದ್ದ ಪ್ಯಾಂಟಿನ ಒಳ ಅಂಚಿನಿಂದ ಅಪ್ಪ ನಾಲ್ಕು ಎಳೆ ಕಿತ್ತರು. ಸ್ಟೀಲ್ ತಟ್ಟೆ ಮೇಲಿಟ್ಟು ಕಡ್ಡಿ ಗೀರಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ. ಇದು ಮುದುಡಿಕೊಂಡು, ಕರಗಿ, ಕಪ್ಪು ಮಣಿಯಾಗಿ ನಿಂತಿತು. ಪೂರ್ತಿ ಪಾಲಿಯೆಸ್ಟರ್. ಏಪ್ರಿಲ್ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಬಂಡೆ ಮೇಲೆ ಮಲಗಿ ನೋಡಿ, ಗೊತ್ತಾಗುತ್ತೆ. ಹಾಗಂತ ಪೂರ್ತಿ ಹತ್ತಿಯೂ ನಮಗೆ ಆಗಲ್ಲ. ಬೆವರು ಕುಡಿದು ಭಾರವಾಗುತ್ತೆ, ಬೇಗ ಒಣಗಲ್ಲ. ಎರಡೂ ಬೆರೆತಿರಬೇಕು, ಹತ್ತಿ ಜಾಸ್ತಿ ಇರಬೇಕು.

ಜಾಲಿ ಮುಳ್ಳಿಗೆ ರಿಪ್‌ಸ್ಟಾಪ್ ಬಟ್ಟೆಯೇ ಸರಿ. ಅದರಲ್ಲಿ ಸಣ್ಣ ಸಣ್ಣ ಚೌಕವಾಗಿ ದಪ್ಪ ಎಳೆ ನೇಯ್ದಿರುತ್ತಾರೆ. ಮುಳ್ಳು ತೂತು ಮಾಡಿದರೂ ಹರಕು ಆ ಚೌಕದಲ್ಲೇ ನಿಲ್ಲುತ್ತೆ. ಉಗುರಿನಿಂದ ಗೀರಿ ನೋಡಿ, ಉಬ್ಬು ತಗುಲಬೇಕು. ಒಂದು ಪ್ಯಾಂಟಿನಲ್ಲಿ ಚೌಕ ಬರೀ ಪ್ರಿಂಟ್ ಆಗಿತ್ತು! ಆ ಧೈರ್ಯಕ್ಕೆ ಅಪ್ಪ ಕೂಡ ನಕ್ಕುಬಿಟ್ಟರು.

ಇನ್ನು ವೆಲ್ಕ್ರೋ. ನಾಯಿ ಮೈಗೆ ಅಂಟಿದ ಕಾಯಿ ನೋಡಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಒಬ್ಬರು ಅದನ್ನು ಕಂಡುಹಿಡಿದರಂತೆ. ನಮ್ಮ ಹೊಲದ ಉತ್ತರಾಣಿ ಆ ಸೇಡು ತೀರಿಸಿಕೊಳ್ಳುತ್ತೆ. ಮಳೆಗಾಲ ಮುಗಿದ ಮೇಲೆ ಎರಡು ತಾಸು ತೆವಳಿದರೆ ವೆಲ್ಕ್ರೋ ತುಂಬ ಉತ್ತರಾಣಿ ಕಾಳು, ಜೇಬು ಮುಚ್ಚೋದೇ ಇಲ್ಲ. ಗುಂಡಿ ಇರುವ ಜೇಬು ಒಳ್ಳೆಯದು.

ಬಣ್ಣದಲ್ಲಿ ನಾನು ಬೇರೆ ಥರ ಪೆಟ್ಟು ತಿಂದೆ. ಹಸಿರು ಮಚ್ಚೆಯ ಬಟ್ಟೆ ಮಲೆನಾಡಿಗೆ ಸರಿ. ನಮ್ಮ ಒಣ ಹುಲ್ಲು, ಕೆಂಪು ಮಣ್ಣಲ್ಲಿ ಅದು ಎದ್ದು ಕಾಣುತ್ತೆ. ನಾಲ್ಕು ಬಣ್ಣದ ಅಂಗಿ ಗಿಡಕ್ಕೆ ನೇತುಹಾಕಿ, ಐವತ್ತು ಹೆಜ್ಜೆ ಹಿಂದೆ ಬಂದು, ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದೆ. ಹಸಿರಿನದ್ದು ಕಪ್ಪು ಗುಡ್ಡೆಯ ಹಾಗಿತ್ತು. ಮಣ್ಣುಖಾಕಿ ಹುಡುಕಬೇಕಾಯಿತು.

ಆದರೆ ಆ ಮಚ್ಚೆ ಬಟ್ಟೆ ಬಿಟ್ಟದ್ದು ಅದಕ್ಕಲ್ಲ. ಒಂದು ಭಾನುವಾರ ಆಟ ಮುಗಿಸಿ, ಅದೇ ಬಟ್ಟೆಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿಗೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋದೆವು. ಒಬ್ಬ ಅಜ್ಜ ಎದ್ದು ಬೆಂಚು ಬಿಟ್ಟುಕೊಟ್ಟರು. "ಕುಂದ್ರಿ ಸಾಹೇಬ್ರೇ. ನನ್ನ ಮೊಮ್ಮಗನೂ ಮಿಲ್ಟ್ರಿಯಾಗೆ ಅದಾನೆ" ಅಂದರು. ನಮ್ಮ ಚಹಾದ ದುಡ್ಡೂ ಅವರೇ ಕೊಡೋಕೆ ಹೋದರು. ನಾವು ಮಿಲ್ಟ್ರಿಯವರಲ್ಲ ಅಂತ ಹೇಳಿದಾಗ ಅವರು ನೋಡಿದ ನೋಟಕ್ಕೆ ಮಿರ್ಚಿ ಗಂಟಲಲ್ಲಿ ಇಳಿಯಲಿಲ್ಲ. ಸೈನಿಕ ಅಂತ ಜನ ನಂಬಲಿ ಅನ್ನೋ ಉದ್ದೇಶದಿಂದ ಅಂಥ ಉಡುಪು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಶಿಕ್ಷೆ ಇದೆ. 2022ರಲ್ಲಿ ಬಂದ ಸೇನೆಯ ಹೊಸ ಸಮವಸ್ತ್ರದ ವಿನ್ಯಾಸವನ್ನು ಸೇನೆಯೇ ನೋಂದಾಯಿಸಿಕೊಂಡಿದೆ. ನಮ್ಮ ಉದ್ದೇಶ ಅದಾಗಿರಲಿಲ್ಲ, ಸರಿ. ಈಗ ಜಮೀನಿಗೆ ಹೋಗಿಯೇ ಬಟ್ಟೆ ಬದಲಿಸುತ್ತೇವೆ.

ಶೂ ಪರೀಕ್ಷೆಗೆ ಚಿತ್ರದುರ್ಗದ ಕೋಟೆಗಿಂತ ಒಳ್ಳೆ ಜಾಗ ಇಲ್ಲ. ಟಿಕೆಟ್ ತಗೊಂಡು ಬೆಳಿಗ್ಗೆ ಒಳಗೆ ಹೋಗಿ, ಹತ್ತಿ, ಇಳಿಯಿರಿ. ಹತ್ತುವಾಗ ಎಲ್ಲಾ ಶೂನೂ ಚೆನ್ನಾಗೇ ಇರುತ್ತೆ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಬಡಿದರೆ ಒಂದು ಸೈಜು ದೊಡ್ಡದು ಬೇಕು. ಸವೆದು ನುಣುಪಾದ ಕಲ್ಲಿನ ಮೇಲೆ ಜಾರಿದರೆ ಸೋಲ್ ಸರಿಯಿಲ್ಲ. ಮಂಡಿ ಪ್ಯಾಡ್ ಹೊರಗೆ ಕಟ್ಟುವಂಥದ್ದು ಬೇಡವೇ ಬೇಡ, ನೂರು ಹೆಜ್ಜೆಗೆ ಕಾಲಬುಡಕ್ಕೆ ಬಂದಿರುತ್ತೆ.

ಕೊನೆಗೆ ಚೌಕಿಪೇಟೆಯಲ್ಲಿ ಖಾಕಿ ಬಟ್ಟೆ ತಂದು ಅಪ್ಪನ ಕೈಗೇ ಕೊಟ್ಟೆ. ಮಂಡಿಗೆ ಎರಡು ಪದರ, ಒಳಗೆ ಪ್ಯಾಡ್ ತೂರಿಸೋಕೆ ಜೇಬು. ತೊಡೆ ಸಂದಿಯಲ್ಲಿ ವಜ್ರದ ಆಕಾರದ ತುಂಡು, ಕುಕ್ಕರಗಾಲಲ್ಲಿ ಕೂತರೆ ಹಿಡಿಯಬಾರದು ಅಂತ. ಬಾರ್ಟ್ಯಾಕ್ ಮಿಷನ್ ನಮ್ಮಲ್ಲಿಲ್ಲ. ಅಪ್ಪ ಜಿಗ್‌ಜ್ಯಾಗ್ ಹೊಲಿಗೆಯನ್ನೇ ಒತ್ತಾಗಿ ಎರಡು ಸಲ ಓಡಿಸಿದರು. ಬಟ್ಟೆ, ದಾರ, ಗುಂಡಿ ಸೇರಿ ಏಳುನೂರು ರೂಪಾಯಿ. ಕೂಲಿ ಬರೆದಿಟ್ಟಿದ್ದಾರಂತೆ.

ಐದನೇ ತಿಂಗಳು ಬಂಡೆಗೆ ಉಜ್ಜಿ ಎಡ ಮಂಡಿ ಹರಿಯಿತು. ಹೆದರುತ್ತಲೇ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ, ಒಳಮಗ್ಗಲು ತಿರುಗಿಸಿ, ಬೆರಳಾಡಿಸಿ ನೋಡಿದರು. ಮುಖ ಅರಳಿತು.

"ಬಟ್ಟೆ ಹರಿದೈತಿ ನೋಡಲೇ. ಹೊಲಿಗಿ ಒಂದೂ ಬಿಟ್ಟಿಲ್ಲ."