ಹಳೆ ಬಾಕ್ಸಿಂಗ್ ಫೈಟ್‌ಗೆ ಮನೇಲೇ ಕೂತು ಸ್ಕೋರ್ ಹಾಕೋದು ಹೇಗೆ

ಹ್ಯಾಗ್ಲರ್‌ಗೆ ಮೋಸ ಆಯ್ತು ಅಂತ ನಾನು ಸುಮಾರು ವರ್ಷ ಸಿಕ್ಕಸಿಕ್ಕವರ ಹತ್ರ ವಾದ ಮಾಡ್ಕೊಂಡು ಓಡಾಡಿದೀನಿ. 1987 ಏಪ್ರಿಲ್ 6, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್, ಮಾರ್ವಿನ್ ಹ್ಯಾಗ್ಲರ್ ಮತ್ತೆ ಶುಗರ್ ರೇ ಲೆನಾರ್ಡ್, ಬಾಕ್ಸಿಂಗ್ ನೋಡೋರಿಗೆಲ್ಲ ಗೊತ್ತಿರೋ ಫೈಟು, ಜಡ್ಜ್‌ಗಳ ಪಾಯಿಂಟ್ ಮೇಲೆ ಲೆನಾರ್ಡ್ ಗೆದ್ದ. ಒಂದಿನ ನಮ್ ಭಾವ ಕೇಳಿದ್ರು, "ಆಯ್ತಪ್ಪಾ, ಹ್ಯಾಗ್ಲರ್ ಯಾವ್ಯಾವ ರೌಂಡ್ ಗೆದ್ದ ಹೇಳು ನೋಡೋಣ." ಬಾಯಿ ಕಟ್ಟೋಯ್ತು. ಐದು ಅಂದೆ, ಒಂಬತ್ತು ಅಂದೆ, ಆಮೇಲೆ ತಡವರಿಸ್ದೆ. "ಎರಡು ರೌಂಡಿಗೆ ಇಷ್ಟು ವರ್ಷ ಜಗಳ ಆಡಿದ್ಯೇನೋ" ಅಂತ ನಕ್ಕು ಕಾಫಿ ಕುಡಿಯೋಕೆ ಎದ್ದು ಹೋದ್ರು. ಅವತ್ತೇ ಒಂದು ಎಕ್ಸರ್‌ಸೈಸ್ ಬುಕ್ ತಗೊಂಡು ಕೂತೆ, ಇವತ್ತಿಗೂ ಅದೇ ಬುಕ್ಕು ನಡೀತಿದೆ.

ಮೊದಲು ಫುಲ್ ಫೈಟ್ ಹುಡುಕಿ. ಹೈಲೈಟ್ಸ್ ಬೇಡವೇ ಬೇಡ, ಅದರಲ್ಲಿ ಜೋರು ಹೊಡೆತ ಬಿಟ್ರೆ ಏನೂ ಇರಲ್ಲ, ರೌಂಡು ಗೆಲ್ಲೋದು ಬಹಳ ಸಲ ಆ ಬೋರ್ ಹೊಡೆಯೋ ಎರಡು ನಿಮಿಷದಲ್ಲೇ. ಹಾಳೆಲಿ ಮೂರು ಕಾಲಂ ಗೆರೆ ಎಳೀರಿ, ರೌಂಡ್ ನಂಬರ್, ಒಬ್ಬನ ಹೆಸರು, ಇನ್ನೊಬ್ಬನ ಹೆಸರು. ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ, ಒಂದೆರಡು ಪದ ಗೀಚೋಕೆ. ಆಮೇಲೆ ಮುಖ್ಯವಾದದ್ದು: ಸೌಂಡ್ ಮ್ಯೂಟ್ ಮಾಡಿ. ಕಾಮೆಂಟೇಟರ್ ಒಂದ್ಸಲ "ಆಹಾ ಏನು ಹೊಡೆತ" ಅಂದ್ರೆ ಮುಗೀತು, ಆ ಹೊಡೆತ ಗ್ಲವ್ ಮೇಲೆ ಬಿದ್ದಿದ್ರೂ ನಮ್ ಕಣ್ಣಿಗೆ ದವಡೆ ಮೇಲೆ ಬಿದ್ದಂಗೇ ಕಾಣುತ್ತೆ. ಜನ ಕಿರುಚೋದೂ ಅಷ್ಟೇ, ಅವರು ತಮ್ಮವನು ಕೈ ಬೀಸಿದ್ರೆ ಸಾಕು ಕಿರುಚ್ತಾರೆ, ತಗುಲ್ತೋ ಇಲ್ವೋ ಯಾರು ನೋಡ್ತಾರೆ. ಬೆಲ್ ಕೇಳ್ಸಲ್ವಲ್ಲ ಅಂದ್ರೆ ಸ್ಕ್ರೀನ್ ಮೇಲಿನ ಟೈಮರ್ ನೋಡಿ, ಅದಿಲ್ದಿದ್ರೆ ರೆಫ್ರಿ ಮಧ್ಯ ಬರೋದು ಹೆಂಗೂ ಕಾಣುತ್ತೆ.

ಲೆಕ್ಕ ಸಿಂಪಲ್. ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಸೋತವನು ಒಂದ್ಸಲ ಕೆಳಗೆ ಬಿದ್ದಿದ್ರೆ 8, ಎರಡು ಸಲ ಬಿದ್ದಿದ್ರೆ 7. ಬೀಳದೇ ಇದ್ರೂ ಮೂರು ನಿಮಿಷ ಪೂರ್ತಿ ಒದೆ ತಿಂದು ಒದ್ದಾಡಿದ್ರೆ 10-8 ಕೊಡಬಹುದು, ಅದು ಅಪರೂಪ, ಕೈ ಬಿಗಿ ಹಿಡೀರಿ. ಫೌಲ್ ಮಾಡಿದ್ದಕ್ಕೆ ರೆಫ್ರಿ ಪಾಯಿಂಟ್ ಕಿತ್ಕೊಂಡ್ರೆ ಆ ರೌಂಡಿನ ಸ್ಕೋರಲ್ಲಿ ಒಂದು ಕಳೀರಿ. ಹನ್ನೆರಡು ರೌಂಡಾದ್ಮೇಲೆ ಕೂಡಿಸೋದು, ಅಷ್ಟೇ. ಬೇರೆಯವರ ಕಾರ್ಡ್, ಅಂದ್ರೆ ಸ್ಕೋರ್ ಬರೆದ ಹಾಳೆ, ಓದೋಕೆ ಒಂದು ಸುಲಭ ದಾರಿ ಇದೆ, ಯಾರೂ ಬಿದ್ದಿಲ್ಲ, ಪಾಯಿಂಟ್ ಕಿತ್ತಿಲ್ಲ, ಸಮ ರೌಂಡ್ ಇಲ್ಲ ಅಂದ್ರೆ 120ರಲ್ಲಿ ಅವನ ಸ್ಕೋರ್ ಕಳೆದ್ರೆ ಅವನು ಸೋತ ರೌಂಡ್ ಎಷ್ಟು ಅಂತ ಸಿಗುತ್ತೆ. 115-113 ಅಂದ್ರೆ 7-5. 118-110 ಅಂದ್ರೆ 10-2. ಲೆನಾರ್ಡ್ ಫೈಟಲ್ಲಿ ಒಬ್ಬ ಜಡ್ಜು ಹ್ಯಾಗ್ಲರ್‌ಗೆ 115-113 ಕೊಟ್ರು, ಇನ್ನೊಬ್ರು ಲೆನಾರ್ಡ್‌ಗೆ 115-113, ಮೂರನೆಯವರು ಲೆನಾರ್ಡ್‌ಗೆ 118-110. ಮೊದಲಿನ ಎರಡೂ ನಂಗೆ ಅರ್ಥ ಆಗುತ್ತೆ, ಆ ಮೂರನೇದು ಇವತ್ತಿಗೂ ಅರ್ಥ ಆಗಿಲ್ಲ, ಹ್ಯಾಗ್ಲರ್ ಬರೀ ಎರಡು ರೌಂಡ್ ಗೆದ್ದ ಅನ್ನೋ ಮನುಷ್ಯನ ಜೊತೆ ಏನಂತ ಮಾತಾಡೋದು.

ಈಗ ಕಷ್ಟದ ಭಾಗ, ರೌಂಡ್ ಯಾರದು ಅಂತ ತೀರ್ಮಾನ ಮಾಡೋದು. ಜಡ್ಜ್‌ಗಳು ನಾಲ್ಕು ವಿಷಯ ನೋಡ್ತಾರೆ: ನೆಟ್ಟಗೆ ತಗುಲಿದ ಹೊಡೆತ, ಫಲ ಕೊಟ್ಟ ಆಕ್ರಮಣ, ರಿಂಗ್ ಯಾರ ಹತೋಟಿಲಿದೆ ಅನ್ನೋದು, ಮತ್ತೆ ಡಿಫೆನ್ಸು. ನನ್ ಪ್ರಕಾರ ಮೊದಲನೇದೇ ಮುಕ್ಕಾಲು ಪಾಲು, ಅದರಲ್ಲಿ ತೀರ್ಮಾನ ಆಗ್ದಿದ್ರೆ ಮಾತ್ರ ಉಳಿದಿದ್ದರ ಕಡೆ ಹೋಗಿ. ಗ್ಲವ್‌ನ ಗೆಣ್ಣಿನ ಭಾಗ ಮುಖಕ್ಕೋ ತಲೆ ಪಕ್ಕಕ್ಕೋ ಬೆಲ್ಟ್ ಮೇಲಿನ ಹೊಟ್ಟೆ ಪಕ್ಕೆಗೋ ಕೂರಬೇಕು. ಕೈ ಮೇಲೆ ಭುಜದ ಮೇಲೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಹೊಟ್ಟೆಗೆ ಬೀಳೋದನ್ನ ನಾವು ಹೊಸದರಲ್ಲಿ ಪೂರ್ತಿ ಮಿಸ್ ಮಾಡ್ತೀವಿ, ಯಾಕಂದ್ರೆ ತಲೆ ಹಿಂದಕ್ಕೆ ಹೋಗಲ್ಲ, ಬೆವರು ಹಾರಲ್ಲ, ಟಿವಿಲಿ ಚೆನ್ನಾಗಿ ಕಾಣಲ್ಲ. ಒಂದು ರೌಂಡಲ್ಲಿ ಹೊಡೆಯೋನ ಕೈ ಬಿಟ್ಟು ತಿನ್ನೋನ ಮುಖ ಮಾತ್ರ ನೋಡಿ, ಉಸಿರು ಸಿಕ್ಕಾಕ್ಕೊಳ್ಳೋದು, ಮೊಣಕೈ ಕೆಳಗೆ ಇಳಿಸೋದು ಎಲ್ಲಾ ಗೊತ್ತಾಗುತ್ತೆ.

ಮುಂದಕ್ಕೆ ಬರ್ತಾ ಇರೋನೇ ಗೆಲ್ತಿದಾನೆ ಅನ್ಸೋದು ಇನ್ನೊಂದು ದೊಡ್ಡ ಭ್ರಮೆ. ಮುಂದೆ ಬಂದು ಹೊಡೆದ್ರೆ ಆಕ್ರಮಣ, ಮುಂದೆ ಬಂದು ಹೊಡೆಸ್ಕೊಂಡ್ರೆ ಅದೇನು ಗೆಲುವು. ಇದಕ್ಕೆ ಪಾಠದಂಗೆ ಇರೋ ಫೈಟು 1993 ಸೆಪ್ಟೆಂಬರ್ 10ರದ್ದು, ಸ್ಯಾನ್ ಆಂಟೋನಿಯೋದಲ್ಲಿ ಪರ್ನೆಲ್ ವಿಟೇಕರ್ ವರ್ಸಸ್ ಹೂಲಿಯೋ ಸೀಸರ್ ಚಾವೆಜ್. ಚಾವೆಜ್ ಮುಂದೆ ಬರ್ತಾನೇ ಇರ್ತಾನೆ, ವಿಟೇಕರ್ ಎದುರಿಗೇ ನಿಂತಿರ್ತಾನೆ ಆದ್ರೆ ಕೈಗೆ ಸಿಗಲ್ಲ, ಸಿಗೋದು ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಏಟು) ಮಾತ್ರ. ಜಡ್ಜ್‌ಗಳು 115-115, 115-115, 115-113 ವಿಟೇಕರ್‌ಗೆ ಅಂತ ಬರೆದು ಡ್ರಾ ಮಾಡಿ ಕೈ ತೊಳ್ಕೊಂಡ್ರು. ಮ್ಯೂಟ್ ಮಾಡಿ ನೋಡಿ ನಿಮ್ದೆಷ್ಟು ಬರುತ್ತೆ ನೋಡ್ಕೊಳ್ಳಿ, ನಂಗಂತೂ ಚಾವೆಜ್‌ಗೆ ನಾಲ್ಕಕ್ಕಿಂತ ಜಾಸ್ತಿ ರೌಂಡು ಸಿಗ್ಲಿಲ್ಲ.

ಇನ್ನು ನಾನು ಮಾಡೋ ಒಂದು ಟ್ರಿಕ್ ಹೇಳ್ತೀನಿ. ರೌಂಡಿಗೆ ಮೂರು ನಿಮಿಷ, ಪ್ರತಿ ನಿಮಿಷ ಮುಗಿದಾಗ ಕಣ್ಣು ಸ್ಕ್ರೀನ್ ಮೇಲೇ ಇಟ್ಟು ಹಾಳೆ ಅಂಚಲ್ಲಿ ಒಂದು ಅಕ್ಷರ, "ಹ್ಯಾ" ಅಥವಾ "ಲೆ", ಗೊತ್ತಾಗ್ದಿದ್ರೆ ಚುಕ್ಕಿ. ಯಾಕೆ ಇದು ಬೇಕು ಅಂದ್ರೆ ಲೆನಾರ್ಡ್ ಅವತ್ತು ಮಾಡಿದ್ದೇ ಇದರ ಮೇಲೆ ಆಟ. ರೌಂಡ್ ಮುಗಿಯೋಕೆ ಮೂವತ್ತು ಸೆಕೆಂಡ್ ಇದೆ ಅಂದಾಗ ಅವನ ಕಾರ್ನರ್‌ನಿಂದ, ಅಂದ್ರೆ ಮೂಲೇಲಿರೋ ಅವನ ಕಡೆಯವರು, ಕೂಗಿ ಹೇಳ್ತಿದ್ರು, ಇವನು ಪಟಪಟ ಅಂತ ಒಂದು ಸರ ಹೊಡೆತ ಬಿಡ್ತಿದ್ದ, ಅರ್ಧ ಗ್ಲವ್ ಮೇಲೆ ಬಿದ್ರೂ ಜನ ಎದ್ದು ನಿಂತ್ಕೋತಿದ್ರು, ಬೆಲ್ ಹೊಡೆದಾಗ ಎಲ್ಲರ ತಲೇಲಿ ಉಳಿಯೋದು ಅದೊಂದೇ. ನನ್ ಹಾಳೆಲಿ ಎಷ್ಟೋ ರೌಂಡಿಗೆ "ಹ್ಯಾ, ಚುಕ್ಕಿ, ಲೆ" ಅಂತ ಬಿದ್ದಿದೆ. ಹಂಗಾದಾಗ ರೌಂಡ್ ಯಾರಿಗೆ? ಮೊದಲ ನಿಮಿಷದ ಏಟು ಕೊನೆ ನಿಮಿಷದ ಏಟಿಗಿಂತ ಕಮ್ಮಿ ಅಲ್ಲ, ಎರಡನ್ನೂ ತೂಗಿ, ಯಾವುದು ನೆಟ್ಟಗೆ ಬಿತ್ತು ಅಂತ.

ಒಂದೆರಡು ರೌಂಡ್ ಹತ್ರದಿಂದ ನೋಡೋಣ. ಹ್ಯಾಗ್ಲರ್ ಎಡಗೈಯವನು, ಆದ್ರೆ ಅವತ್ತು ಶುರುಲಿ ಯಾಕೋ ಬಲಗೈಯವನ ಥರ ನಿಂತ್ಕೊಂಡ. ಮೊದಲ ಎರಡು ರೌಂಡ್ ಮೂರೂ ಕಾರ್ಡಲ್ಲಿ ಲೆನಾರ್ಡ್‌ಗೇ ಹೋಯ್ತು, ನನ್ ಕಾರ್ಡಲ್ಲೂ. ಹನ್ನೆರಡರಲ್ಲಿ ಎರಡು ಪುಕ್ಕಟೆ ಕೊಟ್ಟ ಅಂದ್ರೆ ಉಳಿದ ಹತ್ತರಲ್ಲಿ ಏಳು ಗೆಲ್ಲಬೇಕು, ಇದು ಸಣ್ಣ ಸಾಲ ಅಲ್ಲ. ಮೂರನೇ ರೌಂಡಿಂದ ತನ್ನ ಸ್ಟೈಲಿಗೆ ಬಂದ. ಐದನೇದರಲ್ಲಿ ಲೆನಾರ್ಡ್ ಕಾಲು ಭಾರ ಆಗೋಕೆ ಶುರು, ಕೊನೆ ಹತ್ರ ಹ್ಯಾಗ್ಲರ್‌ನ ಬಲಗೈ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬರೋ ಏಟು) ತಗುಲಿ ಲೆನಾರ್ಡ್ ಮೊಣಕಾಲು ಅಲ್ಲಾಡುತ್ತೆ, ವಿಡಿಯೋ ನಿಲ್ಲಿಸಿ ನೋಡ್ಬೇಕು ಅನ್ಸುತ್ತೆ, ಮಾಡ್ಬೇಡಿ, ಜಡ್ಜ್‌ಗೆ ರಿವೈಂಡ್ ಇರಲ್ಲ ನಿಮಗೂ ಬೇಡ. ಒಂಬತ್ತನೇದು ಇಡೀ ಫೈಟಿನ ಜೀವ. ಹ್ಯಾಗ್ಲರ್ ಎಡಗೈ ತಗುಲ್ಸಿ ಲೆನಾರ್ಡ್‌ನ ಮೂಲೆಗೆ ಒತ್ತಿ ಹೊಡೀತಾನೆ, ಇನ್ನೇನು ಮುಗೀತು ಅನ್ನೋವಾಗ ಲೆನಾರ್ಡ್ ಅಲ್ಲಿಂದಲೇ ತಿರುಗಿ ಬೀಳ್ತಾನೆ. ಇಲ್ಲಿ ಮನಸ್ಸು ಲೆನಾರ್ಡ್ ಕಡೆ ವಾಲುತ್ತೆ, ಸಾಯೋನು ಬದುಕಿದ ಅಂತ. ಆದ್ರೆ ಧೈರ್ಯಕ್ಕೆ ಪಾಯಿಂಟ್ ಇಲ್ಲ. ಏಟು ಲೆಕ್ಕ ಹಾಕಿದ್ರೆ ನಂಗೆ ಅದು 10-9 ಹ್ಯಾಗ್ಲರ್.

ಬೆಲ್ ಆದ ತಕ್ಷಣ ಬರೀಬೇಕು, ಆ ಒಂದು ನಿಮಿಷದ ಬ್ರೇಕಲ್ಲೇ. ಬರೆದ ಮೇಲೆ ತಿದ್ದೋ ಹಾಗಿಲ್ಲ, ನಾನು ಪೆನ್ಸಿಲ್ ಬಿಟ್ಟು ಪೆನ್ ಹಿಡಿದಿದ್ದೇ ಅದಕ್ಕೆ. ಮಧ್ಯ ಕೂಡಿಸ್ಲೂ ಬೇಡಿ, ಯಾರು ಮುಂದಿದಾರೆ ಅಂತ ಗೊತ್ತಾದ್ರೆ ಹಿಂದಿರೋನಿಗೆ ಪಾಪ ಅಂತ ಒಂದು ರೌಂಡ್ ದಾನ ಮಾಡಿಬಿಡ್ತೀವಿ. ಹಿಂದಿನ ರೌಂಡಲ್ಲಿ ಎಷ್ಟೇ ಒದೆ ಬಿದ್ದಿರ್ಲಿ, ಹೊಸ ಬೆಲ್ಲು ಹೊಸ ಲೆಕ್ಕ.

ಸಮ ರೌಂಡ್, ಅಂದ್ರೆ 10-10, ಕೊಡಬಹುದು ಆದ್ರೆ ಅಭ್ಯಾಸ ಮಾಡ್ಕೋಬೇಡಿ. 1980 ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಲೆನಾರ್ಡ್ ಮತ್ತೆ ರಾಬರ್ಟೋ ಡುರಾನ್ 15 ರೌಂಡ್ ಆಡಿದಾಗ ಇಟಲಿಯ ಜಡ್ಜು ಹತ್ತು ರೌಂಡ್ ಸಮ ಅಂತ ಬರೆದಿದ್ರು. ಹದಿನೈದರಲ್ಲಿ ಹತ್ತು! ಅಡ್ಡಗೋಡೆ ಮೇಲೆ ದೀಪ ಇಡೋದು ಅಂದ್ರೆ ಇದೇ. ಉಳಿದ ಐದರಲ್ಲಿ ಮೂರು ಡುರಾನ್‌ಗೆ, ಎರಡು ಲೆನಾರ್ಡ್‌ಗೆ, ಒಟ್ಟು 148-147, ಮೊದಲು ಅದನ್ನೂ 147-147 ಅಂತ ತಪ್ಪಾಗಿ ಅನೌನ್ಸ್ ಮಾಡಿ ಆಮೇಲೆ ಸರಿ ಮಾಡಿದ್ರು. ನಾನು ಒಂದು ಫೈಟಿಗೆ ಒಂದೇ ಸಮ ರೌಂಡ್ ಅಂತ ರೂಲ್ ಇಟ್ಕೊಂಡಿದೀನಿ.

ಕೆಳಗೆ ಬೀಳೋದು ಲೆಕ್ಕಾನ ಹೆಂಗೆ ತಿರುಗಿಸುತ್ತೆ ಅನ್ನೋಕೆ ಹತ್ತಿರದ ಉದಾಹರಣೆ 2018ರ ಟೈಸನ್ ಫ್ಯೂರಿ, ಡಿಯೊಂಟೆ ವೈಲ್ಡರ್ ಮೊದಲ ಫೈಟು. ಫ್ಯೂರಿ ಒಂಬತ್ತು ಮತ್ತೆ ಹನ್ನೆರಡನೇ ರೌಂಡಲ್ಲಿ ಬಿದ್ದ. ಅವೆರಡು 10-8 ಅಂತಿಟ್ಕೊಂಡು ಉಳಿದ ಹತ್ತರಲ್ಲಿ ಏಳು ಫ್ಯೂರಿಗೆ ಮೂರು ವೈಲ್ಡರ್‌ಗೆ ಕೊಟ್ಟು ಕೂಡಿಸಿ ನೋಡಿ, 113-113 ಬರುತ್ತೆ, ಒಬ್ಬ ಜಡ್ಜ್ ಕೊಟ್ಟಿದ್ದೂ ಅದೇ ಅಂಕಿ, ಫೈಟು ಡ್ರಾ ಆಯ್ತು. ನಮ್ ಕಡೆ ಮಣ್ಣಿನ ಕುಸ್ತಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ಸುತ್ತೆ, ಅಲ್ಲಿ ಬೆನ್ನು ಮಣ್ಣಿಗೆ ತಾಗಿದ್ರೆ ಚಿತ್, ಮುಗೀತು. ಇಲ್ಲಿ ಬಿದ್ದೋನು ಎದ್ದು ಡ್ರಾ ಮಾಡ್ಕೊಂಡು ಮನೆಗೆ ಹೋಗ್ತಾನೆ.

ತುಂಬಾ ಹಳೇ ಫೈಟ್ ಆದ್ರೆ ಅವತ್ತು ಯಾವ ಪದ್ಧತಿ ಇತ್ತು ಅಂತ ನೋಡ್ಕೊಳ್ಳಿ. 1971 ಮಾರ್ಚ್ 8, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಅಲಿ ಫ್ರೇಜಿಯರ್ ಮೊದಲ ಫೈಟಲ್ಲಿ ನ್ಯೂಯಾರ್ಕ್‌ನವರು ಪಾಯಿಂಟ್ ಅಲ್ಲ, ರೌಂಡ್ ಎಣಿಸ್ತಿದ್ರು, ರೆಫ್ರಿನೂ ಕಾರ್ಡ್ ಬರೀತಿದ್ರು. ಕೊನೇ ರೌಂಡಲ್ಲಿ ಫ್ರೇಜಿಯರ್‌ನ ಲೆಫ್ಟ್ ಹುಕ್‌ಗೆ (ಪಕ್ಕದಿಂದ ಬೀಸೋ ಎಡಗೈ ಏಟು) ಅಲಿ ಅಂಗಾತ ಬಿದ್ದಿದ್ದು ಕಾರ್ಡಲ್ಲಿ ಬರೀ ಒಂದು ರೌಂಡು ಅಷ್ಟೇ. 8-6-1 (ಆ 1 ಸಮ ರೌಂಡು), 9-6, 11-4, ಮೂರೂ ಫ್ರೇಜಿಯರ್‌ಗೆ. ನಾನು ಇಂಥ ಫೈಟಿಗೆ ಎರಡು ಥರಾನೂ ಲೆಕ್ಕ ಹಾಕ್ತೀನಿ, ಖುಷಿಗೆ.

ಎಲ್ಲಾ ಮುಗಿದ ಮೇಲೆ ಜಡ್ಜ್ ಕಾರ್ಡ್ ಹುಡುಕಿ ರೌಂಡ್ ರೌಂಡಾಗಿ ಹೋಲ್ಸಿ, ಒಟ್ಟು ಅಂಕಿ ನೋಡಿದ್ರೆ ಸಾಲದು. 1999ರಲ್ಲಿ ಲೆನಾಕ್ಸ್ ಲೂಯಿಸ್ ಹೋಲಿಫೀಲ್ಡ್‌ಗೆ 348 ಹೊಡೆತ ತಗುಲ್ಸಿದ, ವಾಪಸ್ ತಿಂದಿದ್ದು 130, ಆದ್ರೂ ಡ್ರಾ. ಅದರಲ್ಲಿ ಐದನೇ ರೌಂಡ್ ನೋಡಿ, ಲೂಯಿಸ್ ಹೊಡೆದು ಹಾಕ್ತಿದಾನೆ, ಒಂದು ಕಾರ್ಡಲ್ಲಿ ಆ ರೌಂಡು ಹೋಲಿಫೀಲ್ಡ್‌ಗೆ. ಜಡ್ಜ್‌ಗಳು ರಿಂಗಿನ ಮೂರು ಬೇರೆ ಬೇರೆ ಬದಿಲಿ ಕೂರ್ತಾರೆ, ಒಬ್ಬರಿಗೆ ಬೆನ್ನು ಮಾತ್ರ ಕಾಣೋ ಟೈಮಲ್ಲಿ ಇನ್ನೊಬ್ಬರಿಗೆ ಮುಖ ಕಾಣುತ್ತೆ, ಒಪ್ಕೋತೀನಿ, ಆದ್ರೂ ಆ ರೌಂಡ್‌ಗೆ ಅದು ಸಾಕಾಗೋ ನೆಪ ಅಲ್ಲ. ಜಡ್ಜ್‌ವಾರು ಕೂಡಿಸೋದು ಅಂದ್ರೆ ಏನು ಅಂತ ನಮ್ಮವರಿಗೆ ಮೇರಿ ಕೋಮ್ ನೆನಪಿರಬೇಕು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಐದು ಜಡ್ಜು, ಎರಡನೇ ಮೂರನೇ ರೌಂಡು 3-2 ಮೇರಿ ಕಡೆ, ಮೊದಲನೇದು ಮಾತ್ರ 4-1 ಎದುರಾಳಿಗೆ, ಒಬ್ಬೊಬ್ಬ ಜಡ್ಜಿನ ಮೂರೂ ರೌಂಡ್ ಕೂಡಿಸಿದಾಗ 3-2 ಸೋಲು.

ಮೊದಲ ಸಲ ಮಾಡೋರು ಲೂಯಿಸ್ ಹೋಲಿಫೀಲ್ಡಿಂದ ಶುರು ಮಾಡಿ, ಆಮೇಲೆ ವಿಟೇಕರ್, ಹ್ಯಾಗ್ಲರ್ ಲೆನಾರ್ಡ್ ಕೊನೆಗಿಟ್ಕೊಳ್ಳಿ. ಹಾಳೆ ಮೇಲೆ ತಾರೀಖು ಹಾಕಿ ಎತ್ತಿಡಿ, ಅದೇ ಫೈಟು ಒಂದು ವರ್ಷ ಬಿಟ್ಟು ಮತ್ತೆ ನೋಡಿ. ನಂದು ಆ ಫೈಟಿಗೆ ಮೂರು ಹಾಳೆ ಇದೆ: 115-113 ಹ್ಯಾಗ್ಲರ್, 114-114, 115-113 ಲೆನಾರ್ಡ್, ಇದೇ ಆರ್ಡರಲ್ಲಿ. ಮೂರರಲ್ಲೂ ಹತ್ತನೇ ರೌಂಡಿನ ಪಕ್ಕ ಒಂದು ಕ್ವೆಶ್ಚನ್ ಮಾರ್ಕ್ ಇದೆ. ಭಾವಂಗೆ ಮೂರನೇ ಹಾಳೆ ಇನ್ನೂ ತೋರ್ಸಿಲ್ಲ.